ಅಜ್ಜಾರು ಕುಂತ ಸೀಟು

ನಮ್ಮ ಮನೆಯವರು ದೊಡ್ಡ ಗಾಡಿಯನ್ನು ಮಾರಿಬಿಡೋಣ ಎಂದ ದಿನ ನಾನು ಅಡುಗೆಮನೆಗೆ ಹೋಗಿ ಹೋಳಿಗೆಗೆ ಕಡಲೆಬೇಳೆ ಬೇಯಲಿಟ್ಟೆ. ಅಂದು ಯಾವ ಹಬ್ಬವೂ ಇರಲಿಲ್ಲ. ಊಟಕ್ಕೆ ಕೂತಾಗ ತಟ್ಟೆಯಲ್ಲಿ ಹೋಳಿಗೆ ನೋಡಿ ಅವರು ಒಮ್ಮೆ ನನ್ನ ಮುಖ ನೋಡಿದರು, ತುಪ್ಪ ಹಾಕಿಸಿಕೊಂಡು ಉಂಡರು. ಸವತಿ ಮನೆ ಬಿಟ್ಟು ಹೊರಡುತ್ತಾಳೆ ಎಂದರೆ ಯಾವ ಹೆಂಗಸು ಹೋಳಿಗೆ ಮಾಡುವುದಿಲ್ಲ ಹೇಳಿ.

ಸವತಿ ಎಂದದ್ದು ತಮಾಷೆಗಲ್ಲ. ಗದಗದ ಮಾರ್ಕೆಟ್ ಯಾರ್ಡಿನಲ್ಲಿ ನಮ್ಮದು ಒಣಮೆಣಸಿನಕಾಯಿಯ ದಲಾಲಿ ಅಂಗಡಿ, ಮನೆ ಬೆಟಗೇರಿಯಲ್ಲಿ. ಮೆಣಸಿನಕಾಯಿಗೆ ಒಳ್ಳೆಯ ಧಾರಣೆ ಸಿಕ್ಕ ಒಂದು ವರ್ಷ ಇವರು ಹುಬ್ಬಳ್ಳಿಗೆ ಹೋಗಿ ಆ ಗಾಡಿ ತಂದರು. ವಿದೇಶಿ ಕಂಪನಿಯದು, ಮುತ್ತಿನ ಬಣ್ಣ, ಒಳಗೆ ಕೆನೆಬಣ್ಣದ ಚರ್ಮದ ಸೀಟುಗಳು. ನಮ್ಮ ಓಣಿಯ ಮಂದಿ ಗಾಡಿ ನೋಡಲು ಬಂದು ಮನೆಯನ್ನು ನೋಡಿ ಹೋದರು. ಇಷ್ಟು ಹಳೆಯ ಮನೆಯ ಮುಂದೆ ಇಂಥ ಗಾಡಿಯೇ ಎಂಬ ಮಾತು ಅವರ ಮುಖದ ಮೇಲೇ ಇತ್ತು. ಆ ಹಳೆಯ ಮನೆಯೊಳಗಿನ ಹೆಂಡತಿಯನ್ನು ಮಾತ್ರ ಯಾರೂ ನೋಡಲಿಲ್ಲ.

ಗದಗ-ಬೆಟಗೇರಿಯಲ್ಲಿ ನೀರಿನ ಕಥೆ ಇಲ್ಲಿ ಬಾಳುವೆ ಮಾಡಿದವರಿಗೆ ಗೊತ್ತು. ನಳ ಯಾವಾಗ ಬರುತ್ತದೆ ಎಂಬುದು ನಳಕ್ಕೂ ಗೊತ್ತಿರುವುದಿಲ್ಲ. ಬಂದ ದಿನ ಕೊಡ, ಪಾತೇಲಿ, ತಂಬಿಗೆ, ಕೊನೆಗೆ ಚಹಾದ ಕಪ್ಪಿನಲ್ಲೂ ಹಿಡಿದಿಟ್ಟುಕೊಳ್ಳುವ ಜಾತಿ ನಮ್ಮದು. ಬಟ್ಟೆ ಒಗೆದ ನೀರಿನಲ್ಲಿ ಬಚ್ಚಲು ತೊಳೆದು, ಆ ನೀರನ್ನೇ ತೆಂಗಿನ ಗಿಡಕ್ಕೆ ಬಿಟ್ಟವಳು ನಾನು. ಅಂಥ ಮನೆಯಲ್ಲಿ ದಿನ ಬೆಳಗಾದರೆ ಒಂದು ಬಕೀಟು ಸೋಸಿದ ಸಿಹಿನೀರು ಗಾಡಿಗೆ ಹೋಗುತ್ತಿತ್ತು. ಉಪ್ಪುನೀರಾದರೆ ಬಣ್ಣದ ಮೇಲೆ ಕಲೆ ಕೂರುತ್ತದಂತೆ. ನನ್ನ ತಲೆಗೂದಲು ಬೋರ್‌ವೆಲ್ ನೀರಿನಿಂದ ತೆಂಗಿನ ನಾರಿನಂತಾದಾಗ ಅದು ವಯಸ್ಸಿನ ಲಕ್ಷಣ ಎಂದು ಸಮಾಧಾನ ಹೇಳಿದವರು ಇವರೇ.

ಒರೆಸಲು ಬಟ್ಟೆ ಬೇಕಲ್ಲ. ಪೇಟೆಯ ಬಟ್ಟೆ ಒರಟು, ಗೀರು ಬೀಳುತ್ತದೆ ಎಂದು ನನ್ನ ಹಳೆಯ ಹತ್ತಿ ಸೀರೆಗಳ ಮೇಲೆ ಇವರ ಕಣ್ಣು ಬಿತ್ತು. ಉಟ್ಟು ಉಟ್ಟು ಮೆತ್ತಗಾದ ಸೀರೆ ಬೇಕು. ಮೊದಮೊದಲು ಹರಿದವನ್ನು ಕೊಟ್ಟೆ. ಅವು ತೀರಿದ ಮೇಲೆ, ನಾನು ಇನ್ನೂ ಉಡುತ್ತಿದ್ದ ಗಿಳಿಹಸಿರು ಸೀರೆಯ ಸೆರಗನ್ನು ಒಂದು ದಿನ ಬೆರಳಲ್ಲಿ ಮುಟ್ಟಿ ನೋಡಿದರು. ಮದುವೆಯಾಗಿ ಇಷ್ಟು ವರ್ಷದ ಮೇಲೆ ಗಂಡ ಸೆರಗು ಹಿಡಿದರೆ ಯಾರಿಗೆ ಏನು ಅನಿಸುತ್ತದೋ ನನಗೂ ಅದೇ ಅನಿಸಿತು. ಇದು ಯಾವಾಗ ಹಳೇದಾಗುತ್ತದೆ ಎಂದು ಕೇಳಿದರು. ಆ ಸೀರೆಯನ್ನು ಟ್ರಂಕಿನ ತಳಕ್ಕೆ ಹಾಕಿ ಮೇಲೆ ನುಸಿಗುಳಿಗೆ ಇಟ್ಟೆ.

ಆದರೆ ನೀರು, ಸೀರೆ ಇವೆಲ್ಲ ಸಣ್ಣ ಮಾತು. ನನ್ನ ಹೊಟ್ಟೆಯೊಳಗಿನ ಬೆಂಕಿಯೆಲ್ಲ ಇದ್ದದ್ದು ಒಂದು ಸೀಟಿನ ಮೇಲೆ: ಮುಂದಿನ ಸೀಟು, ಓಡಿಸುವವರ ಪಕ್ಕದ್ದು.

ಗಾಡಿ ಬಂದ ದಿನ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಎಲ್ಲರೂ ಹತ್ತುವಾಗ ಅತ್ತೆ ಸೀದಾ ಮುಂದೆ ಹೋಗಿ ಕೂತರು. ಹಿರಿಯರು, ಕೂರಬೇಕಾದದ್ದೇ. ನಮ್ಮ ಮನೆಗಳಲ್ಲಿ ಸೊಸೆ ಮುಂದೆ ಕೂತು ಅತ್ತೆ ಹಿಂದೆ ಕೂತರೆ ಲಕ್ಷ್ಮೇಶ್ವರದ ಬೀಗರ ತನಕ ಸುದ್ದಿ ಮುಟ್ಟುತ್ತದೆ. ಅತ್ತೆ ಮುಂದೆ ಕೂತು ಮಗನ ಜೊತೆ ಊರ ಸುದ್ದಿಯೆಲ್ಲ ಮಾತಾಡುತ್ತಿದ್ದರು. ಹಿಂದೆ ಕೂತ ನನಗೆ ಕೇಳಿಸುತ್ತಿದ್ದದ್ದು ಅರ್ಧ. ಏನಂದಿರಿ ಎಂದು ಕೇಳಿದರೆ ಏನಿಲ್ಲ ಎನ್ನುವರು. ಹೀಗೆ ಗಾಡಿಯಲ್ಲಿ ಕೂತು ನಾನು ನೋಡಿದ್ದು ಅತ್ತೆಯ ತುರುಬನ್ನು, ಮತ್ತು ಕಿಟಕಿಯಾಚೆ ಓಡುವ ಜಾಲಿಗಿಡಗಳನ್ನು. ಇವರು ರಸ್ತೆ ನೋಡುತ್ತಾ ಒಂದೊಂದು ಸಲ ತಮ್ಮಷ್ಟಕ್ಕೆ ನಗುತ್ತಿದ್ದರು. ಆ ನಗುವನ್ನು ಪಕ್ಕದಿಂದ ನೋಡಬೇಕು ಎಂಬ ಆಸೆ ನನಗೆ ಶುರುವಾದದ್ದು ಆಗ.

ಅತ್ತೆ ತೀರಿಕೊಂಡರು. ಅವರಿಗಾಗಿ ಅತ್ತೆ, ಮನಸಾರೆ ಅತ್ತೆ. ದಿನಕರ್ಮಗಳೆಲ್ಲ ಮುಗಿದ ಮೇಲೆ ಮುಂಡರಗಿಗೆ ಒಂದು ಮದುವೆಗೆ ಹೊರಡುವ ಮಾತು ಬಂತು. ಇನ್ನೇನು, ಸೀಟು ನನ್ನದು ಎಂದುಕೊಂಡೆ. ಮದುವೆಗೆ ಇನ್ನೂ ಎರಡು ದಿನವಿರುವಾಗಲೇ ಕನ್ನಡಿಯ ಮುಂದೆ ನಿಂತು ಹೂ ಮುಡಿದು ನೋಡಿಕೊಳ್ಳುವಾಗ, ಮುಂದೆ ಕೂತರೆ ಎದುರಿನಿಂದ ಬರುವವರಿಗೆಲ್ಲ ಕಾಣುತ್ತೇನೆ ಎಂದು ಒಂದು ಮೊಳ ಹೆಚ್ಚೇ ಮುಡಿದೆ. ಅದೇ ದಿನ ಅಡರಕಟ್ಟಿಯಿಂದ ಇವರಿಗೆ ಫೋನು ಬಂದದ್ದು ನನ್ನ ಹಣೆಬರಹ. ನಾನು ಹೂ ಮುಡಿದು ನೋಡಿಕೊಂಡದ್ದು ಬರೀ ಅಭ್ಯಾಸಕ್ಕೆ ಎಂದಾಯಿತು.

ನಮ್ಮ ಮನೆತನ ನಡೆದುಕೊಳ್ಳುವ ಮಠದ ಸ್ವಾಮಿಗಳನ್ನು ನಾವು ಅಜ್ಜಾರು ಎನ್ನುತ್ತೇವೆ. ಅಡರಕಟ್ಟಿಯಲ್ಲಿ ಒಂದು ಸಮುದಾಯ ಭವನದ ಉದ್ಘಾಟನೆ, ಅಜ್ಜಾರ ಗಾಡಿ ಕೆಟ್ಟು ನಿಂತಿದೆ, ಕರೆತರಬೇಕು ಎಂದು ಆ ಫೋನು. ಇವರು ಅಂದು ಎರಡು ಸಲ ಗಾಡಿ ತೊಳೆದರು. ನಾನೂ ಜೊತೆಗೆ ಹೋದೆ, ಹಿಂದೆ. ಅಜ್ಜಾರು ಮುಂದೆ ಕೂತರು. ಒಳ್ಳೆಯ ಮನುಷ್ಯರು, ಸಾದಾ ಮನುಷ್ಯರು. ದಾರಿಯುದ್ದಕ್ಕೂ ಮೆಣಸಿನಕಾಯಿಗೆ ರೋಗ ಬಿದ್ದದ್ದರ ಬಗ್ಗೆ ಕೇಳಿದರು. ಇಳಿಯುವಾಗ ಸೀಟಿನ ಮೇಲೆ ಕೈಯಾಡಿಸಿ ನನ್ನ ಕಡೆ ತಿರುಗಿದರು.

"ಬಾಳ ಮೆತ್ತಗ ಐತಿ ತಾಯಿ. ಹೋಗುವಾಗ ನೀವು ಮುಂದ ಬರ್ರಿ."

ಈ ಮಾತನ್ನು ನಾನು ನನ್ನ ಎರಡೂ ಕಿವಿಯಿಂದ ಕೇಳಿದ್ದೇನೆ. ಇವರೂ ಕೇಳಿದ್ದಾರೆ. ಆದರೆ ನಾನು ಮುಂದಿನ ಬಾಗಿಲಿಗೆ ಕೈ ಹಾಕುವಷ್ಟರಲ್ಲಿ ಇವರು ಹೆಗಲ ಮೇಲಿನ ಶಾಲು ತೆಗೆದು ಆ ಸೀಟಿಗೆ ಹೊದಿಸಿದರು, ಅಂಚು ತೀಡಿದರು, ಎರಡೂ ಕೈ ಜೋಡಿಸಿದರು. ಅಜ್ಜಾರು ಹಾಗೆ ಹೇಳಿದರಲ್ಲ ಎಂದೆ. ಅದು ಅವರ ದೊಡ್ಡತನ, ಅದನ್ನು ಹಿಡಿದುಕೊಂಡು ನಾವು ಸಣ್ಣವರಾಗಬಾರದು ಎಂದರು. ಗುರುಗಳು ಏನು ಹೇಳಿದರೂ ಕೇಳುವ ಮನುಷ್ಯ ಈ ಒಂದು ಮಾತನ್ನು ಮಾತ್ರ ಕೇಳಲಿಲ್ಲ.

ಅಂದಿನಿಂದ ಆ ಸೀಟು ಖಾಲಿ. ಎರಡು ದಿನ ಬಿಟ್ಟು ಮುಂಡರಗಿಯ ಮದುವೆಗೆ ಹೋದಾಗಲೂ ಖಾಲಿ, ನಾನು ಮತ್ತೆ ಮುಡಿದ ಆ ಹೆಚ್ಚಿನ ಮೊಳ ಹೂ ಹಿಂದಿನ ಸೀಟಿಗೆ ಒರಗಿ ಬಾಡಿತು. ಹಮ್ಮಿಗಿಗೆ ಒಂದು ಸೀಮಂತಕ್ಕೆ ಹೋದಾಗ ಬಂಧುಗಳನ್ನೆಲ್ಲ ಹಿಂದೆ ತುರುಕಿದೆವು. ಒಬ್ಬರ ಮೊಣಕೈ ಒಬ್ಬರ ಬಾಯಲ್ಲಿ. ಮುಂದೆ ಮಾತ್ರ ಶಾಲು ಒಬ್ಬನೇ ಆರಾಮಾಗಿ ಕೂತಿದ್ದ, ಅವನಿಗೇ ತಣ್ಣನೆ ಗಾಳಿ. ಯಾರಾದರೂ ಬಾಗಿಲು ತೆಗೆದರೆ ಇವರ ಮಾತು ಸಿದ್ಧವಿರುತ್ತಿತ್ತು: "ಅಲ್ಲಿ ಬ್ಯಾಡ್ರಿ, ಅಜ್ಜಾರು ಕುಂತ ಜಾಗ." ಹಳ್ಳಿಗಳಲ್ಲಿ ಇದಕ್ಕೆ ಅಜ್ಜಾರ ಗಾಡಿ ಎಂದೇ ಹೆಸರು ಬಿತ್ತು. ಶಿರಹಟ್ಟಿ ರಸ್ತೆಯಲ್ಲಿ ಎಮ್ಮೆ ಹೊಡೆದುಕೊಂಡು ಹೋಗುವವರು ನಿಂತು, ಕಪ್ಪು ಗಾಜಿನೊಳಗೆ ಅಜ್ಜಾರು ಇದ್ದಾರೆಂದು ತಿಳಿದು ನಮಸ್ಕಾರ ಮಾಡುತ್ತಿದ್ದರು. ಇವರು ಗಂಭೀರವಾಗಿ ತಲೆಯಾಡಿಸುತ್ತಿದ್ದರು. ಮಂದಿಯ ನಮಸ್ಕಾರ ಶಾಲಿಗೆ, ರಸ್ತೆಯ ಕುಳಿಗಳ ಹೊಡೆತ ನನ್ನ ಸೊಂಟಕ್ಕೆ.

ಹೆಂಗಸರಿಗೆ ಹೆಂಗಸರ ಮೇಲೆ ಹೊಟ್ಟೆಕಿಚ್ಚು ಇರುತ್ತದೆ, ಅದು ಲೋಕಕ್ಕೆ ಗೊತ್ತಿರುವ ಮಾತು. ನನಗಿದ್ದದ್ದು ಖಾಲಿ ಜಾಗದ ಮೇಲೆ. ಯಾರಾದರೂ ಕೂತಿದ್ದರೆ ಅವರ ಮೂಗು ಸೊಟ್ಟ, ಮಾತು ಜಾಸ್ತಿ ಎಂದು ಏನಾದರೂ ಹೇಳಿ ಹಗುರಾಗಬಹುದಿತ್ತು. ಶಾಲನ್ನು ಏನೆಂದು ಬೈಯುವುದು? ಬೈದರೆ ಗುರುನಿಂದೆ. ಹೀಗಾಗಿ ಒಳಗೊಳಗೇ ಕುದಿದೆ. ಶಾಲು ಮೈಲಿಗೆಯಾಗಿದೆ ಎಂದು ತಿಂಗಳಿಗೊಮ್ಮೆ ಒಗೆಯಲು ನನ್ನ ಕೈಗೇ ಬರುತ್ತಿತ್ತು. ಬೇರೆ ಬಟ್ಟೆಗಳಿಗಿಂತ ನಾಲ್ಕು ಏಟು ಹೆಚ್ಚೇ ಹಾಕಿ ಕಲ್ಲಿಗೆ ಒಗೆಯುತ್ತಿದ್ದೆ.

ಮಾರುವ ಮಾತು ಬಂದದ್ದು ಇವರ ಮೊಣಕಾಲಿನಿಂದ. ಗಾಡಿ ಎತ್ತರ. ಹತ್ತಲು ಇಳಿಯಲು ಆಗುತ್ತಿರಲಿಲ್ಲ. ನಾನೇ ಒಂದು ಕಟ್ಟಿಗೆಯ ಸ್ಟೂಲು ಹಿಡಿದು ಬಂದು ಅವರ ಕಾಲ ಬಳಿ ಇಡಬೇಕು, ಅವರು ಹತ್ತಿದ ಮೇಲೆ ಸ್ಟೂಲು ಎತ್ತಿಕೊಂಡು ಹಿಂದೆ ಹೋಗಿ ಕೂರಬೇಕು, ಊರು ಬಂದಾಗ ಮೊದಲು ಇಳಿದು ಮತ್ತೆ ಇಡಬೇಕು. ಡ್ರೈವರ್ ಇಟ್ಟುಕೊಳ್ಳಿ ಎಂದರೆ ಆ ಸ್ಟಿಯರಿಂಗಿನ ಮೇಲೆ ಇನ್ನೊಬ್ಬರ ಕೈ ಬೀಳುವುದನ್ನು ಕಲ್ಪಿಸಿಕೊಳ್ಳಲೂ ಅವರಿಗೆ ಆಗಲಿಲ್ಲ. ಕೊನೆಗೆ ಹುಬ್ಬಳ್ಳಿಯ ಡಾಕ್ಟರು ಇನ್ನು ಸಣ್ಣ ಕಾರು, ಇಲ್ಲವೇ ಬಸ್ಸು ಎಂದು ಖಡಾಖಂಡಿತ ಹೇಳಿದರು. ಅಂದೇ ನನ್ನ ಹೋಳಿಗೆ.

ಹೋಳಿಗೆ ತಿಂದು ಕೈತೊಳೆದ ಮೇಲೆ ನನಗೆ ಇನ್ನೊಂದು ಮಾತು ಹೊಳೆಯಿತು. ಗಾಡಿ ಹೋದರೆ ಸೀಟೂ ಹೋಗುತ್ತದೆ. ಹೋಗುವ ಮೊದಲು ಒಂದೇ ಒಂದು ಸಲ, ಮುಳಗುಂದದ ತನಕವಾದರೂ ಸಾಕು, ಅವರ ಪಕ್ಕದಲ್ಲಿ ಕೂತು ಹೋಗಬೇಕು. ಮುಂದೆ ಜನ್ಮವಿದೆಯೋ ಇಲ್ಲವೋ, ಇಂಥ ಗಾಡಿಯಂತೂ ನಮ್ಮ ಮನೆಗೆ ಮತ್ತೆ ಬರುವುದಿಲ್ಲ. ಸವತಿಯನ್ನು ಕಳಿಸುವ ಸಡಗರದಲ್ಲಿ ಈ ಲೆಕ್ಕ ನನಗೆ ತಡವಾಗಿ ತಿಳಿಯಿತು.

ಗಿರಾಕಿಗಳು ಬರತೊಡಗಿದರು. ಇವರು ಗಾಡಿ ಮಾರುತ್ತಿದ್ದಾರೋ ಕನ್ಯಾದಾನ ಮಾಡುತ್ತಿದ್ದಾರೋ ತಿಳಿಯುತ್ತಿರಲಿಲ್ಲ. ನಿಮ್ಮ ಮನೆಯ ಮುಂದೆ ಬೇವಿನ ಗಿಡ ಇದೆಯೇ, ಹಕ್ಕಿಗಳು ಹೊಲಸು ಮಾಡುತ್ತವೆ. ಶೆಡ್ಡು ಇದೆಯೇ. ಮನೆಯಲ್ಲಿ ಎಲೆಅಡಿಕೆ ಯಾರು ಹಾಕುತ್ತಾರೆ. ಶಿರಹಟ್ಟಿಯ ಒಬ್ಬ ಗುತ್ತಿಗೆದಾರ ಒಳ್ಳೆಯ ಬೆಲೆ ಹೇಳಿದ. ಅವನ ಬಾಯಲ್ಲಿ ಗುಟ್ಕಾ ಇತ್ತು, ಚಹಾ ಕುಡಿಸಿ ಕಳಿಸಿದರು. ಹಮ್ಮಿಗಿಯ ಕಡೆಯ ದೊಡ್ಡ ಹಿಡುವಳಿಯವರೊಬ್ಬರು ಹಿಂದಿನ ಸೀಟು ಮಡಚಿದರೆ ಎಷ್ಟು ಗೊಬ್ಬರದ ಚೀಲ ಹಿಡಿಯಬಹುದು ಎಂದು ಕೇಳಿದರು. ಅವರಿಗೆ ಚಹಾ ಕೂಡ ಸಿಗಲಿಲ್ಲ. ನಮ್ಮ ಮಗಳಿಗೆ ಗಂಡು ನೋಡುವಾಗ ಈ ಮನುಷ್ಯ ಹುಡುಗನ ಮನೆಯಲ್ಲಿ ನೀರು ಹೇಗಿದೆ ಎಂಬ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ಕೊನೆಗೆ ಮುಂಡರಗಿಯಿಂದ ಒಬ್ಬ ದಲ್ಲಾಳಿ ಬಂದ. ಅವರ ಮನೆತನದಲ್ಲಿ ಎತ್ತಿನ ವ್ಯಾಪಾರ, ಈಗ ಸಂತೆಗೆ ಎತ್ತು ಕಡಿಮೆ, ಇವನು ಟ್ರ್ಯಾಕ್ಟರ್, ಕಾರಿಗೆ ಇಳಿದಿದ್ದ. ಗಾಡಿಯನ್ನು ಎತ್ತು ನೋಡಿದ ಹಾಗೇ ನೋಡಿದ. ಸುತ್ತು ಹಾಕಿದ, ಹಿಂದೆ ನಿಂತು ಕುಂಡಿ ತಟ್ಟಿದ, ಚಕ್ರದ ಬಳಿ ಬಗ್ಗಿದ. ಅವನು ಕರೆತಂದ ಗಿರಾಕಿ ಲಕ್ಷ್ಮೇಶ್ವರದ ಒಬ್ಬ ಹತ್ತಿ ವ್ಯಾಪಾರಿ, ನಮಗಿಂತ ಸಣ್ಣ ವಯಸ್ಸು, ಹಣೆಯ ಮೇಲೆ ಮೂರೆಳೆ ವಿಭೂತಿ. ಮುಂದಿನ ಬಾಗಿಲು ತೆಗೆದು ಶಾಲು ನೋಡಿದ ಕೂಡಲೇ ಆತ ಚಪ್ಪಲಿ ಕಳಚಿದ. ಅಷ್ಟು ಸಾಕಾಯಿತು ನಮ್ಮವರಿಗೆ. ದಲ್ಲಾಳಿ ಹೆಗಲ ಟವೆಲ್ಲನ್ನು ಎಳೆದು ಇಬ್ಬರ ಕೈ ಮೇಲೆ ಹೊದಿಸಿದ, ಟವೆಲ್ಲಿನ ಕೆಳಗೆ ಬೆರಳು ಬೆರಳು ಹಿಡಿದು ಬೆಲೆ ಮಾತಾಡಿಕೊಂಡರು. ಬಾಗಿಲಲ್ಲಿ ನಿಂತ ನನಗೆ ಕಂಡದ್ದು ಟವೆಲ್ಲು ಎರಡು ಸಲ ಅಲುಗಿದ್ದಷ್ಟೇ.

ಆಮೇಲೆ ಇವರು ಎದೆಯುಬ್ಬಿಸಿ ಒಂದು ಮಾತು ಸೇರಿಸಿದರು. ಆ ಮಾತೇ ನನ್ನ ಕುತ್ತಿಗೆಗೆ ಬಂತು.

"ಅಜ್ಜಾರು ಕುಂತ ಮ್ಯಾಲ ಆ ಸೀಟಿನ ಮ್ಯಾಲ ಇನ್ನೊಬ್ರು ಕುಂತಿಲ್ರಿ. ಇದು ನನ್ನ ಮಾತು."

ಬುಧವಾರ ಲಕ್ಷ್ಮೇಶ್ವರಕ್ಕೆ ನಾವೇ ಗಾಡಿ ಮುಟ್ಟಿಸುವುದು, ಅಲ್ಲಿ ಪೂಜೆ, ಊಟ, ಆಮೇಲೆ ನಾವು ಬಸ್ಸಿಗೆ ವಾಪಸ್ಸು ಎಂದು ನಿಕ್ಕಿಯಾಯಿತು. ನನ್ನ ಪಾಲಿಗೆ ಉಳಿದದ್ದು ಅದೊಂದೇ ಪ್ರಯಾಣ. ಬುಧವಾರ ಬೆಳಿಗ್ಗೆ ನಾನು ಟ್ರಂಕಿನ ತಳದಿಂದ ಗಿಳಿಹಸಿರು ಸೀರೆ ತೆಗೆದು ಉಟ್ಟೆ. ಇವರು ಗಾಡಿಗೆ ಕೊನೆಯ ನೀರು ಹಾಕುತ್ತಿದ್ದರು. ಹತ್ತಿರ ಹೋಗಿ, ಬಾಯಿಬಿಟ್ಟು, ಇವತ್ತು ನಾನು ಮುಂದೆ ಕೂರುತ್ತೇನೆ ಎಂದೆ. ಕೇಳಿದ್ದಲ್ಲ, ಹೇಳಿದ್ದು.

ಅವರು ಒರೆಸುವುದನ್ನು ನಿಲ್ಲಿಸಲಿಲ್ಲ. "ಯಾರೂ ಕುಂತಿಲ್ಲ ಅಂತ ಮಾತು ಕೊಟ್ಟೇನಿ. ಈಗ ನೀ ಕುಂತರ ನನ್ನ ಮಾತು ಸುಳ್ಳಾಗತೈತಿ."

"ನಾನು ಯಾರೂ ಅಲ್ಲೇನ್ರಿ?" ಎಂದೆ.

ಅವರು ಒರೆಸುವ ಬಟ್ಟೆ ಹಿಂಡಿ ಒಣಹಾಕಿದರು. ಸ್ಟೂಲು ತಂದು ಇಟ್ಟೆ. ಅವರು ಹತ್ತಿದರು. ಸ್ಟೂಲು ಎತ್ತಿಕೊಂಡು ಹಿಂದೆ ಹೋಗಿ ಕೂತೆ. ಮುಳಗುಂದ ಬಂತು, ಹೋಯಿತು. ಹೊಲಗಳಲ್ಲಿ ಕಡಲೆ ಕಿತ್ತ ಮೇಲಿನ ಎರೆಮಣ್ಣು ಬಿರುಕು ಬಿಟ್ಟು ಮಲಗಿತ್ತು. ಶಾಲಿನ ತಲೆಯ ಮೇಲಿಂದ ರಸ್ತೆ ನೋಡಲು ಕತ್ತು ಎತ್ತಿದೆ, ಕಂಡದ್ದು ಅಂಗೈಯಗಲ. ದಾರಿಯಲ್ಲಿ ಒಬ್ಬ ಮುದುಕ ಎಂದಿನಂತೆ ಕೈ ಮುಗಿದ, ಇವರು ಎಂದಿನಂತೆ ತಲೆಯಾಡಿಸಿದರು. ಆ ಶಾಲನ್ನು ಕಿಟಕಿಯಾಚೆ ಎಸೆಯುವ ಮನಸ್ಸು ಎಷ್ಟು ಬಲವಾಗಿ ಬಂತೆಂದರೆ, ಎರಡೂ ಕೈಯಲ್ಲಿ ಸ್ಟೂಲನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಲಕ್ಷ್ಮೇಶ್ವರದಲ್ಲಿ ಅವರ ಮನೆಯ ಮುಂದೆ ರಂಗೋಲಿ ಹಾಕಿತ್ತು. ಗಿರಾಕಿಯ ಹೆಂಡತಿ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಮೂವತ್ತರ ಆಸುಪಾಸು, ದುಂಡು ಮುಖ, ನಗು ತುಟಿಯ ಮೇಲೇ ಇಟ್ಟುಕೊಂಡವಳು. ನನ್ನನ್ನು ಅಕ್ಕಾರ ಎಂದು ಕರೆದು ಕೈ ಹಿಡಿದಳು. ಅವಳು ಒಳ್ಳೆಯವಳು ಎಂದು ನನಗೆ ಆ ಕ್ಷಣವೇ ತಿಳಿಯಿತು, ಅದರಿಂದ ಸಿಟ್ಟು ಇನ್ನಷ್ಟು ಹೆಚ್ಚಾಯಿತು. ಕೆಟ್ಟವಳಾಗಿದ್ದರೆ ಎಷ್ಟೋ ಅನುಕೂಲವಿತ್ತು.

ಪೂಜೆ ಆಯಿತು, ಊಟ ಆಯಿತು. ಕೀಲಿ ಕೈಗೆ ಕೊಡುವ ಹೊತ್ತಿಗೆ ದಲ್ಲಾಳಿ ಕೈ ಅಡ್ಡ ಹಿಡಿದ. ನಮ್ಮ ಕಡೆ ಎತ್ತು ಮಾರಿದರೆ ಹಗ್ಗ ಕೊಡುವುದಿಲ್ಲ. ಹಗ್ಗ ಬಿಚ್ಚಿಕೊಂಡು ಮನೆಗೆ ತರಬೇಕು, ಕೊಂಡವನು ತನ್ನ ಹಗ್ಗ ತಂದು ಕಟ್ಟಿಕೊಳ್ಳಬೇಕು. ಹಗ್ಗ ಹೋದರೆ ದನದ ಹಿಂದೆ ಮನೆಯ ಲಕ್ಷ್ಮಿಯೂ ಹೋಗುತ್ತಾಳೆ ಎಂದು ಹಿರಿಯರು ಹೇಳಿದ್ದಾರೆ. ಇದಕ್ಕೂ ಒಂದು ಹಗ್ಗ ಇರಬೇಕಲ್ಲ, ಯಜಮಾನರು ಏನಾದರೂ ಬಿಚ್ಚಿಕೊಳ್ಳಲಿ ಎಂದ. ಇವರು ಗಾಡಿಯನ್ನು ಒಂದು ಸುತ್ತು ನೋಡಿದರು. ಆಮೇಲೆ ಮುಂದಿನ ಬಾಗಿಲು ತೆಗೆದು, ಸೀಟಿನ ಶಾಲನ್ನು ಸರಕ್ಕನೆ ಎಳೆದು, ನಾಲ್ಕು ಮಡಿಕೆ ಮಾಡಿ ನನ್ನ ಕೈಗೆ ಕೊಟ್ಟರು.

ನಾನು ಸೀಟು ನೋಡಿದೆ. ಅದು ಬರೀ ಸೀಟಾಗಿತ್ತು. ಬೇರೆ ಸೀಟುಗಳಂತೆಯೇ ಕೆನೆಬಣ್ಣ, ಸ್ವಲ್ಪ ಹೊಸದು, ಅಷ್ಟೇ. ಇಷ್ಟು ಸುಲಭವಿತ್ತೇ ಇದು? ಒಂದು ಮೂಲೆ ಹಿಡಿದು ಎಳೆದರೆ ಮುಗಿಯುವಂಥದ್ದು? ತಿಂಗಳಿಗೊಮ್ಮೆ ಒಗೆಯಲು ಬಿಟ್ಟರೆ ಇಷ್ಟು ವರ್ಷ ಆ ಕೈಗೆ ಹೊಳೆಯದ ಕೆಲಸ ಯಾರದೋ ಮನೆಯ ಅಂಗಳದಲ್ಲಿ, ದಲ್ಲಾಳಿಯ ಒಂದು ಮಾತಿಗೆ ಹೊಳೆಯಿತಲ್ಲ. ಲಕ್ಷ್ಮಿ ಮನೆ ಬಿಟ್ಟು ಹೋಗಬಾರದೆಂದು ಅದನ್ನು ಬಿಚ್ಚಿದರು; ಮನೆಯಲ್ಲಿದ್ದ ಹೆಂಗಸಿಗಾಗಿ ಬಿಚ್ಚಲಿಲ್ಲ. ಕಣ್ಣಲ್ಲಿ ನೀರು ಬಂತು. ಊದುಬತ್ತಿಯ ಹೊಗೆ ಎಂದೆ.

ಗಿರಾಕಿ ಕೀಲಿ ತೆಗೆದುಕೊಂಡು ಹತ್ತಿದ. ಅವನ ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸ್ಟೂಲು ಗೀಲು ಏನೂ ಬೇಡ, ಒಂದೇ ನೆಗೆತಕ್ಕೆ ಮುಂದಿನ ಸೀಟಿನಲ್ಲಿ ಕೂತಳು. ಕೇಳಲಿಲ್ಲ, ಹಿಂದೆಮುಂದೆ ನೋಡಲಿಲ್ಲ. ಅವಳ ಗಂಡನೂ, ಮೊನ್ನೆ ಚಪ್ಪಲಿ ಕಳಚಿದ್ದವನು, ನಕ್ಕು ಬೆಲ್ಟು ಹಾಕಿಕೋ ಎಂದ. ಅವಳು ಅದನ್ನು ಇದನ್ನು ಒತ್ತಿ ನೋಡಿದಳು. ತಲೆಯ ಮೇಲೆ ಬಿಸಿಲಿಗೆ ಅಡ್ಡವಾಗಿರುವ ಹಲಗೆಯೊಂದನ್ನು ಕೆಳಗೆ ಎಳೆದಳು. ಅದರೊಳಗೆ ಒಂದು ಕನ್ನಡಿ. ಕನ್ನಡಿಗೆ ತನ್ನದೇ ಎರಡು ದೀಪ. ದೀಪ ಹತ್ತಿಕೊಂಡವು, ಅವಳು ಕುಂಕುಮ ಸರಿಮಾಡಿಕೊಂಡಳು.

ಆ ಗಾಡಿಯಲ್ಲಿ ಕನ್ನಡಿ ಇದೆ ಎಂದು ನನಗೆ ಗೊತ್ತಿರಲಿಲ್ಲ. ನಮ್ಮ ಮನೆಯ ಮುಂದೆ ನಿಂತಿದ್ದ ಗಾಡಿ. ನನ್ನ ಸೀರೆಯಿಂದ ಒರೆಸಿಕೊಂಡ ಗಾಡಿ. ಹೆಂಗಸು ಮುಖ ನೋಡಿಕೊಳ್ಳಲೆಂದೇ ಯಾವುದೋ ದೇಶದಲ್ಲಿ ಯಾರೋ ಯೋಚನೆ ಮಾಡಿ ಅಲ್ಲಿ ಇಟ್ಟ ಕನ್ನಡಿ, ದೀಪದ ಸಮೇತ. ಅಷ್ಟು ವರ್ಷ ಅದು ಶಾಲಿನ ಎದುರು ಮುಚ್ಚಿಕೊಂಡು ಕೂತಿತ್ತು. ಆ ಹುಡುಗಿಯ ಮೇಲೆ ನನಗೆ ಬಂದ ಹೊಟ್ಟೆಕಿಚ್ಚನ್ನು ಹೇಳಲು ಇಲ್ಲಿ ಜಾಗ ಸಾಲದು. ಅತ್ತೆಯ ಮೇಲಿದ್ದದ್ದು, ಸೀಟಿನ ಮೇಲಿದ್ದದ್ದು, ಗಾಡಿಯ ಮೇಲಿದ್ದದ್ದು ಎಲ್ಲಾ ಸೇರಿ ಅವಳೊಬ್ಬಳ ಮೇಲೆ ಬಿತ್ತು. ಪಾಪ, ಅವಳು ನನ್ನ ಕಡೆ ನೋಡಿ ಕೈಬೀಸಿದಳು.

ಒಂದು ಸುತ್ತು ಹೋಗಿ ಬಂದರು. ನಾವು ಹೊರಡುತ್ತೇವೆ ಎಂದಾಗ ಬಸ್‌ಸ್ಟ್ಯಾಂಡಿನ ತನಕ ಬಿಟ್ಟೇ ಬರುತ್ತೇವೆ ಎಂದು ಗಂಡಹೆಂಡತಿ ಹಟ ಹಿಡಿದರು. ಹುಡುಗಿ ಕೆಳಗಿಳಿದು ನನ್ನ ಜೊತೆ ಹಿಂದೆ ಬಂದಳು. "ಅಣ್ಣಾರು ಮುಂದ ಕುಂಡ್ರಲಿ, ಮೊಣಕಾಲು ಚಾಚಾಕ ಜಾಗ ಐತಿ" ಎಂದಳು. ನಾನು ಇವರನ್ನೇ ನೋಡುತ್ತಿದ್ದೆ. ಬೇಡ ಎನ್ನುತ್ತಾರೆ, ಅಜ್ಜಾರು ಕುಂತ ಜಾಗ ಎನ್ನುತ್ತಾರೆ ಎಂದುಕೊಂಡೆ. ಅನ್ನಲಿ ಎಂದು ದೇವರಲ್ಲಿ ಬೇಡಿಕೊಂಡೆ ಕೂಡ. ಅಂದರೆ ಇಷ್ಟು ವರ್ಷದ ನನ್ನ ಹಿಂದಿನ ಸೀಟಿಗೆ ಒಂದು ಅರ್ಥವಾದರೂ ಉಳಿಯುತ್ತಿತ್ತು. ಅವರು ಸ್ಟೂಲಿನ ಮೇಲೆ ಕಾಲಿಟ್ಟು, ಹತ್ತಿ, ಆರಾಮಾಗಿ ಕೂತರು.

ಕೈ ಎಲ್ಲಿಡಬೇಕೋ ತಿಳಿಯದೆ ತೊಡೆಯ ಮೇಲಿಟ್ಟುಕೊಂಡರು. ತಾವೇ ಓಡಿಸುವಾಗ ಅವರು ಆ ಕಡೆಯಿಂದ ಯಾವತ್ತೂ ರಸ್ತೆ ನೋಡಿದವರಲ್ಲ. ಮಗುವಿನ ಹಾಗೆ ಅತ್ತ ಇತ್ತ ನೋಡಿದರು. ಆಮೇಲೆ ಅರ್ಧ ಹಿಂದಕ್ಕೆ ತಿರುಗಿ ನನಗೆ ಹೇಳಿದರು.

"ಈ ಸೀಟಿನಿಂದ ರಸ್ತಾ ಬ್ಯಾರೆನ ಕಾಣತೈತಿ, ಅಲ್ಲ?"

"ನನಗ ಹೆಂಗ ಗೊತ್ತಾಗಬೇಕ್ರಿ" ಎಂದೆ.

ಹುಡುಗಿ ಕಿಟಕಿಯಾಚೆ ನೋಡಿದಳು. ಇವರು ತಿರುಗಿದ ಕತ್ತನ್ನು ನಿಧಾನವಾಗಿ ಮುಂದಕ್ಕೆ ತಂದರು. ಅವರ ಕಿವಿಯ ಹಿಂಭಾಗ ಕೆಂಪಾದದ್ದು ನನಗೆ ಕಂಡಿತು. ಹಿಂದಿನ ಸೀಟಿನಲ್ಲಿ ಕೂತು ಕೂತು ನನಗೆ ಅವರ ಕಿವಿ, ಕತ್ತು ಚೆನ್ನಾಗಿ ಓದಲು ಬರುತ್ತಿತ್ತು.

ಬಸ್‌ಸ್ಟ್ಯಾಂಡಿನಲ್ಲಿ ಮದುವೆ ದಿನಗಳ ಗದ್ದಲ. ಹೆಂಗಸರಿಗೆ ಟಿಕೀಟು ಫ್ರೀ ಆದಮೇಲೆ ಗದಗಿನ ಬಸ್ಸಿಗೆ ಕಾಲಿಡಲು ಜಾಗವಿರುವುದಿಲ್ಲ. ಬಸ್ಸು ಬಂದು ನಿಲ್ಲುವ ಮೊದಲೇ ಮಂದಿ ಮುತ್ತಿಕೊಂಡರು. ನಾನು ಒಂದು ಕೈಯಲ್ಲಿ ಸ್ಟೂಲು, ಇನ್ನೊಂದರಲ್ಲಿ ಶಾಲು ಹಿಡಿದು ನಿಂತಿದ್ದೆ. ಇವರು ಸ್ಟೂಲು ಇಡು ಎಂದರು. ಬಸ್ಸಿನ ಬಾಗಿಲಿಗೆ ಇಡಲು ಹೋದರೆ, ಅಲ್ಲಲ್ಲ, ಇಲ್ಲಿ ಎಂದು ಕಿಟಕಿಯ ಕೆಳಗೆ ತೋರಿಸಿದರು. ಇಟ್ಟೆ. ಹುಬ್ಬಳ್ಳಿಯ ಡಾಕ್ಟರು ನೋಡಿದ್ದರೆ ಬೈಯುತ್ತಿದ್ದರು, ಆ ಕಾಲಿನಲ್ಲಿ ಸ್ಟೂಲು ಹತ್ತಿ, ನನ್ನ ಕೈಯಿಂದ ಶಾಲು ಕಸಿದುಕೊಂಡು, ಕಿಟಕಿಯ ಸರಳುಗಳ ಮೇಲಿನ ಸಂದಿಯಿಂದ ಒಳಗೆ ಎಸೆದರು. ಊರಿನ ಮಂದಿಯೆಲ್ಲ ಟವೆಲ್ಲು ಎಸೆದು ಸೀಟು ಹಿಡಿಯುವ ಹಾಗೇ.

ಸ್ಟೂಲು ಎತ್ತಿಕೊಂಡು, ಜನರನ್ನು ಮೊಣಕೈಯಿಂದ ಸರಿಸಿಕೊಂಡು ನಾವು ಹತ್ತಿದೆವು. ಶಾಲು ಬಿದ್ದ ಸೀಟಿನ ಬಳಿ ಒಬ್ಬ ದಪ್ಪ ಮನುಷ್ಯ ಆಗಲೇ ಬಗ್ಗಿದ್ದ, ಶಾಲನ್ನು ಬದಿಗೆ ತಳ್ಳಲು ಕೈ ಹಾಕಿದ್ದ. ಇವರು ಹಿಂದಿನಿಂದಲೇ ಕೂಗಿದರು. ಆ ದನಿ ನನಗೆ ಗೊತ್ತಿದ್ದ ದನಿ, ಹಮ್ಮಿಗಿಯಲ್ಲಿ, ಮುಂಡರಗಿಯಲ್ಲಿ, ಎಲ್ಲ ಕಡೆ ಗಾಡಿಯ ಬಾಗಿಲಲ್ಲಿ ಕೇಳಿದ ದನಿ.

"ಅಲ್ಲಿ ಬ್ಯಾಡ್ರಿ. ನಮ್ಮ ಮನಿಯಾಕಿ ಕುಂಡ್ರತಾಳ."

ಆ ಮನುಷ್ಯ ಸರಿದ. ಇವರು ನನ್ನನ್ನು ಮುಂದೆ ಬಿಟ್ಟರು, ಕಿಟಕಿಯ ಕಡೆ. ಅಷ್ಟರಲ್ಲಿ ಹೊರಗೆ ಗೇಟಿನ ಬಳಿ ಮುತ್ತಿನ ಬಣ್ಣದ ಗಾಡಿ ತಿರುಗುವುದು ಕಂಡಿತು. ಹುಡುಗಿ ಮತ್ತೆ ಮುಂದೆ ಕೂತಿದ್ದಳು, ಕನ್ನಡಿ ಕೆಳಗಿಳಿಸಿಕೊಂಡಿದ್ದಳು. ಆ ಕನ್ನಡಿಯನ್ನು ನಾನು ಸಾಯುವ ತನಕ ಮರೆಯುವುದಿಲ್ಲ.

ಇವರು ಶಾಲು ಎತ್ತಿಕೊಳ್ಳಲು ಕೈ ಚಾಚಿದರು. ನಾನು ಅದಕ್ಕೆ ಮೊದಲೇ ಕೂತೆ, ಶಾಲಿನ ಮೇಲೆಯೇ. ಅವರು ನೋಡಿದರು. ಚಾಚಿದ ಕೈ ಹಿಂದೆ ತೆಗೆದುಕೊಂಡು, ಸ್ಟೂಲನ್ನು ತಮ್ಮ ಕಾಲ ಬಳಿ ಇಟ್ಟುಕೊಂಡು ನನ್ನ ಪಕ್ಕದಲ್ಲಿ ಕೂತರು.